ಹಸಿರು ಕಚೇರಿ ಅಂದರೇನು? ಕರೆಂಟ್ ಮೀಟರಿನಿಂದ ಶುರು ಮಾಡೋಣ

ಹುಬ್ಬಳ್ಳಿಯ ಗೋಕುಲ ರೋಡ್, ತಾರಿಹಾಳ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಗಳಲ್ಲಿ ಬಿಡಿಭಾಗ ತಯಾರಿಸಿ ದೊಡ್ಡ ಕಂಪನಿಗಳಿಗೆ ಕೊಡುವ ಘಟಕಗಳು ಬಹಳ ಇವೆ. ಊರೊಳಗೆ ಲೆಕ್ಕಪತ್ರ ನೋಡುವ, ಸಾಫ್ಟ್‌ವೇರ್ ಬರೆಯುವ ಸಣ್ಣ ಕಚೇರಿಗಳೂ ಕಡಿಮೆ ಇಲ್ಲ. ಇಂಥವರ ಕೈಗೆ ಗಿರಾಕಿ ಕಂಪನಿಯಿಂದ ಹೊಸ ನಮೂನೆಯ ಫಾರ್ಮ್ ಬರತೊಡಗಿದೆ. ತಿಂಗಳಿಗೆ ಎಷ್ಟು ಯೂನಿಟ್ ಕರೆಂಟ್ ಸುಡುತ್ತೀರಿ? ಜನರೇಟರಿಗೆ ಎಷ್ಟು ಡೀಸೆಲ್? ನೀರು ಎಷ್ಟು, ಕಸ ಎಷ್ಟು, ಅದು ಎಲ್ಲಿಗೆ ಹೋಗುತ್ತದೆ? ಪರಿಸರಕ್ಕಾಗಿ ಏನು ಮಾಡಿದ್ದೀರಿ?

ಕೊನೆಯ ಪ್ರಶ್ನೆಗೆ ಎಲ್ಲರೂ ಬರೆಯುವುದು ಒಂದೇ: ಸಸಿ ನೆಟ್ಟಿದ್ದೇವೆ, ಪ್ಲಾಸ್ಟಿಕ್ ಬಾಟಲಿ ನಿಲ್ಲಿಸಿದ್ದೇವೆ. ಎರಡೂ ಒಳ್ಳೆಯ ಕೆಲಸ. ಆದರೆ ಕಚೇರಿಯ ನಿಜವಾದ ಭಾರ ಬೇರೆ ಕಡೆ ಇರುತ್ತದೆ. ಅದು ಎಲ್ಲಿದೆ, ಎಷ್ಟಿದೆ, ಹೇಗೆ ಇಳಿಸುವುದು ಅನ್ನೋದನ್ನು ಬುಡದಿಂದ ನೋಡೋಣ.

ಈ ಫಾರ್ಮ್ ಬಂದದ್ದು ಎಲ್ಲಿಂದ?

ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಒಂದು ನಿಯಮ ಮಾಡಿದೆ. ಷೇರುಪೇಟೆಯಲ್ಲಿರುವ ದೇಶದ ಅತಿ ದೊಡ್ಡ 1,000 ಕಂಪನಿಗಳು 2022–23ರ ಸಾಲಿನಿಂದ ಪ್ರತಿವರ್ಷ ತಮ್ಮ ವಿದ್ಯುತ್, ನೀರು, ಕಸ, ಹೊಗೆಯ ಲೆಕ್ಕವನ್ನು ಬಹಿರಂಗವಾಗಿ ಕೊಡಬೇಕು. ಈ ವರದಿಗೆ ಬಿ.ಆರ್.ಎಸ್.ಆರ್. ಅಂತ ಹೆಸರು. ದೊಡ್ಡ ಕಂಪನಿ ತನ್ನ ಲೆಕ್ಕ ಬರೆಯಲು ಕೂತಾಗ ತನಗೆ ಮಾಲು ಕೊಡುವವರ ಲೆಕ್ಕವನ್ನೂ ಕೇಳುತ್ತದೆ. ಹೀಗೆ ಮುಂಬೈ, ಪುಣೆಯಲ್ಲಿ ಶುರುವಾದ ಪ್ರಶ್ನೆ ಗೋಕುಲ ರೋಡಿನ ಎರಡನೇ ಮಹಡಿಗೂ ಬಂದು ಮುಟ್ಟುತ್ತದೆ.

ಫಾರ್ಮ್ ಬರದಿದ್ದರೂ ಈ ಲೆಕ್ಕ ನಮಗೆ ಬೇಕು. ಕಚೇರಿಗೆ ನಮ್ಮ ಭಾಗದ ವಿದ್ಯುತ್ ಕಂಪನಿ ಹೆಸ್ಕಾಂ ಹಾಕುವುದು ವಾಣಿಜ್ಯ ದರ. ಒಂದೊಂದು ಯೂನಿಟ್ ಉಳಿಸಿದರೂ ದುಡ್ಡು ಉಳಿಯುತ್ತದೆ.

ಹೊಗೆ ಯಾರ ಲೆಕ್ಕಕ್ಕೆ?

ಫಾರ್ಮ್‌ನಲ್ಲಿ ಸ್ಕೋಪ್ 1, ಸ್ಕೋಪ್ 2, ಸ್ಕೋಪ್ 3 ಅಂತ ಮೂರು ಖಾನೆ ಇರುತ್ತವೆ. ನೋಡಿದ ಕೂಡಲೇ ಗಾಬರಿ ಆಗುತ್ತದೆ, ಆದರೆ ವಿಷಯ ಸರಳ. ಇಲ್ಲಿ ಹೊಗೆ ಅಂದರೆ ಭೂಮಿಯನ್ನು ಬಿಸಿ ಮಾಡುವ ಅನಿಲ, ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್.

ರೊಟ್ಟಿಯನ್ನು ನಮ್ಮ ಮನೆಯ ಒಲೆ ಮೇಲೆ ಬೇಯಿಸಿದರೆ ಹೊಗೆ ನಮ್ಮ ಮನೆಯಲ್ಲೇ. ಅದು ಸ್ಕೋಪ್ 1. ರೊಟ್ಟಿಯನ್ನು ಖಾನಾವಳಿಯಿಂದ ತರಿಸಿದರೆ ಹೊಗೆ ಅಲ್ಲಿ, ಊಟ ಇಲ್ಲಿ. ಒಲೆ ಹಚ್ಚಿದವರು ಬೇರೆಯವರಾದರೂ ಹಚ್ಚಿದ್ದು ನಮ್ಮ ಸಲುವಾಗಿ. ಅದು ಸ್ಕೋಪ್ 2. ಜೋಳ ಬೆಳೆದದ್ದು, ಗಿರಣಿಗೆ ಹಾಕಿದ್ದು, ಚಕ್ಕಡಿಯಲ್ಲೋ ಟೆಂಪೋದಲ್ಲೋ ತಂದದ್ದು, ಉಳಿದದ್ದನ್ನು ಚೆಲ್ಲಿದ್ದು, ಇವೆಲ್ಲ ಸೇರಿ ಸ್ಕೋಪ್ 3.

ಕಚೇರಿಗೆ ಹೊಂದಿಸಿ ನೋಡಿ. ಜನರೇಟರಿನ ಡೀಸೆಲ್, ಕಚೇರಿಯದೇ ಕಾರಿನ ಪೆಟ್ರೋಲ್, ಏಸಿಯಿಂದ ಸೋರಿದ ಗ್ಯಾಸ್ ಮೊದಲ ಖಾನೆಗೆ ಹೋಗುತ್ತವೆ. ಹೆಸ್ಕಾಂನಿಂದ ಬರುವ ಕರೆಂಟ್ ಎರಡನೆಯದಕ್ಕೆ. ನೌಕರರು ಮನೆಯಿಂದ ಬಂದು ಹೋಗುವುದು, ಕಾಗದ, ಕಂಪ್ಯೂಟರ್, ಕೊರಿಯರ್, ಕಸ ಎಲ್ಲ ಮೂರನೆಯದಕ್ಕೆ.

ಒಂದು ಯೂನಿಟ್ ಹಿಂದೆ ಏನಿದೆ?

1,000 ವ್ಯಾಟಿನ ಉಪಕರಣ ಒಂದು ತಾಸು ಓಡಿದರೆ ಒಂದು ಯೂನಿಟ್. ಬಿಲ್ಲಿನಲ್ಲಿ ಇರುವುದು ಇದೇ.

ಆ ಯೂನಿಟ್ ಎಲ್ಲಿಂದ ಬರುತ್ತದೆ? ನಮ್ಮ ಸುತ್ತಮುತ್ತಲೇ ಎಲ್ಲ ಥರದ ಮೂಲಗಳಿವೆ. ಕಾಳಿ ನದಿಯ ನಾಗಝರಿಯಲ್ಲಿ ನೀರಿನಿಂದ, ಕೈಗಾದಲ್ಲಿ ಅಣುಶಕ್ತಿಯಿಂದ, ರಾಯಚೂರು ಮತ್ತು ಬಳ್ಳಾರಿಯ ಕುಡತಿನಿಯಲ್ಲಿ ಕಲ್ಲಿದ್ದಲಿನಿಂದ, ಪಾವಗಡದಲ್ಲಿ ಬಿಸಿಲಿನಿಂದ ವಿದ್ಯುತ್ ತಯಾರಾಗುತ್ತದೆ. ಗದಗಿನ ಕಡೆ ಹೋದರೆ ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಹಾಗಾದರೆ ನಮ್ಮ ಕರೆಂಟ್ ಆಗಲೇ ಹಸಿರು ಅಲ್ವಾ ಅಂತ ಅನಿಸಬಹುದು.

ಲೆಕ್ಕ ಅಷ್ಟು ಸಲೀಸಲ್ಲ. 2013ರ ಡಿಸೆಂಬರ್ 31ರಂದು ದಕ್ಷಿಣದ ವಿದ್ಯುತ್ ಜಾಲ ಉಳಿದ ದೇಶದ ಜಾಲಕ್ಕೆ ಸೇರಿತು. ಅಂದಿನಿಂದ ಇಡೀ ದೇಶಕ್ಕೆ ಒಂದೇ ಜಾಲ. ಎಲ್ಲ ಮೂಲಗಳ ಕರೆಂಟೂ ಅದರಲ್ಲಿ ಬೆರೆಯುತ್ತದೆ, ಎಲ್ಲರೂ ಅದರಿಂದಲೇ ಎಳೆದುಕೊಳ್ಳುತ್ತಾರೆ. ಬೇಡಿಕೆ ಏರಿದಾಗ ಅದನ್ನು ತುಂಬಿಸುವುದು ಹೆಚ್ಚಿನ ಪಾಲು ಕಲ್ಲಿದ್ದಲು. ಹಾಗಾಗಿ ದೇಶದ ಸರಾಸರಿಯನ್ನೇ ಹಿಡಿಯುತ್ತಾರೆ. ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರಕಟಿಸುವ ಈ ಸರಾಸರಿ ಇತ್ತೀಚಿನ ವರ್ಷಗಳಲ್ಲಿ ಯೂನಿಟ್‌ಗೆ 0.7 ಕೆಜಿ ಇಂಗಾಲದ ಡೈಆಕ್ಸೈಡ್ ಆಸುಪಾಸಿನಲ್ಲಿದೆ.

ಇದರ ಜೊತೆ ಇನ್ನೆರಡು ಅಂಕಿ ನೆನಪಿಟ್ಟುಕೊಂಡರೆ ಸಾಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ, ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್. ಲೀಟರ್ ಪೆಟ್ರೋಲಿನ ತೂಕವೇ ಮುಕ್ಕಾಲು ಕೆಜಿ, ಅದರಿಂದ ಎರಡು ಕೆಜಿ ದಾಟಿ ಹೊಗೆ ಹೇಗೆ ಅಂತ ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಪೆಟ್ರೋಲಿನಲ್ಲಿರುವ ಇಂಗಾಲ ಉರಿಯುವಾಗ ಗಾಳಿಯ ಆಮ್ಲಜನಕವನ್ನು ಸೇರಿಸಿಕೊಳ್ಳುತ್ತದೆ. ಜಾಸ್ತಿಯಾದ ತೂಕ ಆ ಆಮ್ಲಜನಕದ್ದು.

ಹನ್ನೆರಡು ಜನರ ಒಂದು ಕಚೇರಿ

ಲೆಕ್ಕಕ್ಕಾಗಿ ಒಂದು ಕಚೇರಿಯನ್ನು ಊಹಿಸಿಕೊಳ್ಳೋಣ. ವಿದ್ಯಾನಗರದಲ್ಲಿ ಅಂಗಡಿಯ ಮೇಲಿನ ಮಹಡಿ. ಹನ್ನೆರಡು ಜನ, ಬೆಳಗ್ಗೆ ಒಂಬತ್ತರಿಂದ ಸಂಜೆ ಆರು, ತಿಂಗಳಿಗೆ 25 ದಿನ ಕೆಲಸ. ತಿಂಗಳು ಏಪ್ರಿಲ್.

ಒಂದೂವರೆ ಟನ್ನಿನ ಎರಡು ಏಸಿ. ಕಂಪ್ರೆಸರ್ ನಿಂತು ನಿಂತು ಓಡುವುದರಿಂದ ಒಂದೊಂದಕ್ಕೆ ಸರಾಸರಿ ತಾಸಿಗೆ ಒಂದು ಯೂನಿಟ್ ಅಂತ ಹಿಡಿದರೆ ತಿಂಗಳಿಗೆ 450 ಯೂನಿಟ್. ಮಾನಿಟರ್ ಸಮೇತ 100 ವ್ಯಾಟಿನ ಹನ್ನೆರಡು ಡೆಸ್ಕ್‌ಟಾಪ್‌ಗಳಿಗೆ 270 ಯೂನಿಟ್. ಹಳೇ ಕಾಲದ 40 ವ್ಯಾಟಿನ ಟ್ಯೂಬ್‌ಲೈಟು ಚೋಕ್ ಸೇರಿ 50 ವ್ಯಾಟ್ ತಿನ್ನುತ್ತದೆ. ಅಂಥ ಹನ್ನೆರಡಕ್ಕೆ 135 ಯೂನಿಟ್. 75 ವ್ಯಾಟಿನ ಆರು ಫ್ಯಾನುಗಳಿಗೆ 100. ಇನ್ನು ಹಗಲು ರಾತ್ರಿ ಓಡುವ ಯುಪಿಎಸ್, ಸಿಸಿಟಿವಿ, ವೈಫೈ, ಬಿಸಿನೀರು ತಣ್ಣೀರು ಕೊಡುವ ಡಿಸ್ಪೆನ್ಸರ್. ಇವೆಲ್ಲ ಸೇರಿ ಬರೀ 200 ವ್ಯಾಟ್. ಆದರೆ 24 ತಾಸು, 30 ದಿನ ಓಡಿದರೆ 144 ಯೂನಿಟ್.

ಒಟ್ಟು ಸುಮಾರು 1,100 ಯೂನಿಟ್. 0.7ರಿಂದ ಗುಣಿಸಿದರೆ 770 ಕೆಜಿ.

ಇದೇ ಕಚೇರಿಯಲ್ಲಿ ತಿಂಗಳಿಗೆ ಐದು ರೀಮು ಕಾಗದ ಖರ್ಚಾಗುತ್ತದೆ ಅನ್ನಿ. ಎ4 ಹಾಳೆ ಒಂದು ಚದರ ಮೀಟರಿನ ಹದಿನಾರನೇ ಒಂದು ಭಾಗ. 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಕಾಗದವಾದರೆ ಹಾಳೆಗೆ 5 ಗ್ರಾಂ, 500 ಹಾಳೆಯ ರೀಮಿಗೆ ಎರಡೂವರೆ ಕೆಜಿ, ಐದಕ್ಕೆ ಹನ್ನೆರಡೂವರೆ ಕೆಜಿ. ಕಾಗದ ತಯಾರಿಸುವಾಗ ಬರುವ ಹೊಗೆ ಕೆಜಿಗೆ ಒಂದು ಕೆಜಿ ಆಸುಪಾಸು. ಅಂದರೆ ಕಾಗದದ ಪಾಲು ಹನ್ನೆರಡು ಹದಿಮೂರು ಕೆಜಿ, ಕರೆಂಟಿನ ಪಾಲು 770. ಪರಿಸರ ಅಂದ ಕೂಡಲೇ ನಾವು ಮೊದಲು ಮಾತಾಡುವುದು ಕಾಗದದ ಬಗ್ಗೆ. ಕಣ್ಣಿಗೆ ಕಾಣುವುದು ಅದೇ, ಅದಕ್ಕೆ. ದೊಡ್ಡ ಗಂಟು ಇರುವುದು ಗೋಡೆಯ ಮೇಲಿನ ಏಸಿಯಲ್ಲಿ.

ಏಸಿ: ತಂಪು ಮಾಡುವ ಯಂತ್ರವಲ್ಲ, ಬಿಸಿ ಹೊರಹಾಕುವ ಯಂತ್ರ

"ಹದಿನೆಂಟಕ್ಕ ಇಡೋ ತಮ್ಮಾ, ಲಗೂ ತಂಪ ಆಗ್ತದ." ಏಪ್ರಿಲ್ ತಿಂಗಳಲ್ಲಿ ಬಿಸಿಲಿನಿಂದ ಒಳಗೆ ಬಂದವರು ಹೇಳುವ ಮಾತು ಇದು. ಆದರೆ 18ಕ್ಕೆ ಇಟ್ಟರೆ ಕೋಣೆ ಲಗೂ ತಂಪಾಗುವುದಿಲ್ಲ.

ಏಸಿ ತಂಪನ್ನು ಹುಟ್ಟಿಸುವುದಿಲ್ಲ. ಕೋಣೆಯೊಳಗಿನ ಬಿಸಿಯನ್ನು ಹೀರಿ ಹೊರಗಿನ ಡಬ್ಬಿಯ ಮೂಲಕ ಬೀದಿಗೆ ಸುರಿಯುತ್ತದೆ, ಅಷ್ಟೇ. ರಿಮೋಟಿನಲ್ಲಿ ಒತ್ತುವ ಸಂಖ್ಯೆ ಎಲ್ಲಿ ನಿಲ್ಲಿಸಬೇಕು ಅಂತ ಹೇಳುವ ಗುರುತು. ಕೋಣೆ 34 ಡಿಗ್ರಿ ಇದ್ದಾಗ ನೀವು 18 ಒತ್ತಿ, 25 ಒತ್ತಿ, ಮೊದಲ ಹತ್ತು ನಿಮಿಷ ಅದು ಎಷ್ಟು ಸಾಧ್ಯವೋ ಅಷ್ಟೂ ದುಡಿಯುತ್ತದೆ. ವ್ಯತ್ಯಾಸ ಬರುವುದು ಆಮೇಲೆ. 25ಕ್ಕೆ ಇಟ್ಟಿದ್ದರೆ ಅದು ಸಾಕು ಅಂತ ನಿಧಾನವಾಗುತ್ತದೆ. 18ಕ್ಕೆ ಇಟ್ಟಿದ್ದರೆ ಸಂಜೆವರೆಗೂ ಅಟ್ಟಿಸಿಕೊಂಡು ಓಡುತ್ತಲೇ ಇರುತ್ತದೆ. ಮಧ್ಯಾಹ್ನದ ಹೊತ್ತಿಗೆ ಏಸಿಯ ಕೆಳಗೆ ಕೂತವರು ಸ್ವೆಟರ್ ಹಾಕಿಕೊಂಡಿರುತ್ತಾರೆ.

ಒಳಗೂ ಹೊರಗೂ ಅಂತರ ಹೆಚ್ಚಾದಷ್ಟೂ ಬಿಸಿ ಹೊರಹಾಕುವುದು ಕಷ್ಟ, ಗೋಡೆ ಕಿಟಕಿಗಳಿಂದ ಮತ್ತೆ ಒಳಬರುವ ಬಿಸಿಯೂ ಜಾಸ್ತಿ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ (ಏಸಿ, ಫ್ರಿಜ್ ಮೇಲೆ ಸ್ಟಾರ್ ಅಂಟಿಸುವ ಸಂಸ್ಥೆ) ಹೇಳುವ ಪ್ರಕಾರ ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ಕರೆಂಟ್ ಉಳಿಯುತ್ತದೆ. 2020ರ ಜನವರಿಯಿಂದ ಸ್ಟಾರ್ ಇರುವ ಹೊಸ ರೂಮ್ ಏಸಿಗಳು ಚಾಲೂ ಮಾಡಿದಾಗ ತಾವಾಗಿಯೇ 24ಕ್ಕೆ ನಿಲ್ಲುವಂತೆ ನಿಯಮ ಬಂದದ್ದು ಇದೇ ಕಾರಣಕ್ಕೆ. ನಮ್ಮ ಲೆಕ್ಕದ ಕಚೇರಿ 20ರಿಂದ 25ಕ್ಕೆ ಬಂದರೆ ಏಸಿಯ ಖರ್ಚು ಕಾಲು ಭಾಗಕ್ಕಿಂತ ಜಾಸ್ತಿ ಇಳಿಯುತ್ತದೆ. ತಿಂಗಳಿಗೆ ಸುಮಾರು 120 ಯೂನಿಟ್. ಖರ್ಚು ಸೊನ್ನೆ.

25ರಲ್ಲಿ ಸೆಕೆ ಆಗುತ್ತದೆ ಅನ್ನುವವರಿಗೆ ಫ್ಯಾನ್ ಇದೆ. ಫ್ಯಾನ್ ಕೋಣೆಯನ್ನು ತಂಪು ಮಾಡುವುದಿಲ್ಲ, ಮೈಮೇಲಿನ ಬೆವರನ್ನು ಆರಿಸಿ ಮನುಷ್ಯನನ್ನು ತಂಪು ಮಾಡುತ್ತದೆ. ಹಾಗಾಗಿ ಏಸಿ ಜೊತೆ ಫ್ಯಾನ್ ಹಚ್ಚಿದರೆ ಎರಡು ಡಿಗ್ರಿ ಕಡಿಮೆ ಇದ್ದಂತೆ ಅನಿಸುತ್ತದೆ. ಜನ ಇಲ್ಲದ ಕೋಣೆಯಲ್ಲಿ ಫ್ಯಾನ್ ತಿರುಗಿದರೆ ಮಾತ್ರ ಸುಮ್ನೆ ದಂಡ. ಹೊಸ ಬಿಎಲ್‌ಡಿಸಿ ಫ್ಯಾನುಗಳು 30 ವ್ಯಾಟಿನಲ್ಲಿ ಹಳೆಯ 75 ವ್ಯಾಟಿನ ಕೆಲಸ ಮಾಡುತ್ತವೆ. ಆರು ಫ್ಯಾನ್ ಬದಲಿಸಿದರೆ ತಿಂಗಳಿಗೆ 60 ಯೂನಿಟ್ ಉಳಿತಾಯ. ಟ್ಯೂಬುಗಳ ಜಾಗದಲ್ಲಿ 20 ವ್ಯಾಟಿನ ಎಲ್‌ಇಡಿ ಹಾಕಿದರೆ ಇನ್ನೊಂದು 80.

ಏಸಿಗೂ ಮೊದಲು ಬಿಸಿ ಒಳಗೆ ಬರುವ ದಾರಿ ನೋಡಬೇಕು. ಈಚೆಗೆ ಊರಲ್ಲಿ ಎದ್ದ ಕಟ್ಟಡಗಳ ಮುಂಭಾಗಕ್ಕೆ ಪೂರ್ತಿ ಗಾಜು. ಅದು ಪಡುವಣಕ್ಕೆ ಮುಖ ಮಾಡಿದ್ದರೆ ಮಧ್ಯಾಹ್ನ ಮೂರರ ಬಿಸಿಲು ನೇರವಾಗಿ ಮೇಜಿನ ಮೇಲೆ. ಪರದೆ ಎಳೆಯುತ್ತೇವೆ. ಪರದೆಯಿಂದ ಕಣ್ಣಿಗೆ ನೆರಳು ಸಿಗುತ್ತದೆ, ಆದರೆ ಬಿಸಿ ಆಗಲೇ ಗಾಜು ದಾಟಿ ಒಳಗೆ ಬಂದಾಗಿದೆ. ಪರದೆಯೇ ಕಾದು ಕೋಣೆಗೆ ಬಿಸಿ ಬಿಡುತ್ತದೆ. ನೆರಳು ಗಾಜಿನ ಹೊರಗೆ ಇರಬೇಕು. ಬಿದಿರಿನ ತಟ್ಟಿ, ಹಸಿರು ಬಲೆ, ಚಾವಣಿಯ ಮುಂಚಾಚು, ಏನಾದರೂ ಸರಿ. ಮೇಲ್ಮಹಡಿಯ ಕಚೇರಿಯಾದರೆ ಆರ್‌ಸಿಸಿ ತಾರಸಿ ದಿನವಿಡೀ ಕಾದು ಸಂಜೆ ಒಳಗೆ ಬಿಸಿ ಇಳಿಸುತ್ತದೆ. ಅದಕ್ಕೆ ಬಿಳಿ ಬಣ್ಣ ಬಳಿದರೆ ಬಿಸಿಲು ವಾಪಸ್ ಹೋಗುತ್ತದೆ.

ನಮ್ಮ ಕಡೆಯ ಹಳೇ ಮಣ್ಣಿನ ಮಾಳಿಗೆ ಮನೆಗಳ ಒಳಗೆ ಬ್ಯಾಸಿಗೆಯಲ್ಲೂ ತಂಪು ಇರುವುದನ್ನು ಬಲ್ಲವರು ಬಲ್ಲರು. ದಪ್ಪ ಗೋಡೆ ಬಿಸಿ ಒಳಬರುವುದನ್ನು ತಡ ಮಾಡುತ್ತದೆ, ಅಷ್ಟೊತ್ತಿಗೆ ಹೊತ್ತು ಮುಳುಗಿರುತ್ತದೆ. ಧಾರವಾಡದ ಹಳೆಯ ಹಂಚಿನ ಕಟ್ಟಡಗಳಲ್ಲಿ ಎತ್ತರದ ಚಾವಣಿ, ಮೇಲೊಂದು ಗವಾಕ್ಷಿ. ಬಿಸಿ ಗಾಳಿ ಮೇಲೇರಿ ಅಲ್ಲಿಂದ ಹೊರಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ ನಮ್ಮಲ್ಲಿ ಚೆನ್ನಾಗಿ ಬೀಸುತ್ತದೆ, ಡಿಸೆಂಬರ್ ಜನವರಿಯಲ್ಲಿ ಬೆಳಗಿನ ಹೊತ್ತು ಚಳಿಯೇ ಇರುತ್ತದೆ. ಎದುರುಬದುರು ಎರಡು ಕಿಟಕಿ ತೆರೆಯುವ ಕಚೇರಿಗೆ ವರ್ಷದ ಅರ್ಧಕ್ಕೂ ಹೆಚ್ಚು ದಿನ ಏಸಿ ಬೇಡ ಅನ್ನೋದು ನನ್ನ ಅಭಿಪ್ರಾಯ. ತೊಂದರೆ ಏನೆಂದರೆ ತೆರೆಯಲು ಬಾರದ ಕಿಟಕಿಗಳನ್ನೇ ನಾವು ಕೂರಿಸುತ್ತಿದ್ದೇವೆ.

"ಗ್ಯಾಸ್ ಖಾಲಿ ಆಗೇತ್ರಿ ಸರ"

ಪ್ರತಿ ಮಾರ್ಚ್‌ನಲ್ಲಿ ಸರ್ವೀಸ್ ಹುಡುಗ ಬಂದು ಹೀಗೆ ಹೇಳುತ್ತಾನೆ, ನಾವು ತುಂಬಿಸುತ್ತೇವೆ. ಏಸಿಯ ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವ ವಸ್ತು ಅಲ್ಲ. ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರಬೇಕು. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ.

ಇದು ಎಷ್ಟು ದೊಡ್ಡ ವಿಷಯ ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಹೊರಗಿನ ಡಬ್ಬಿಯ ಬದಿಯಲ್ಲಿ ಒಂದು ಚೀಟಿ ಇರುತ್ತದೆ. ಅದರಲ್ಲಿ ಗ್ಯಾಸಿನ ಹೆಸರು, ಎಷ್ಟು ತುಂಬಿದೆ ಅನ್ನುವುದು ಬರೆದಿರುತ್ತದೆ. ಆರ್-410ಎ ಅಂತ ಇದ್ದರೆ, ಆ ಗ್ಯಾಸಿನ ಒಂದು ಕೆಜಿ ಭೂಮಿಯನ್ನು ಬಿಸಿ ಮಾಡುವುದು ಸುಮಾರು 2,000 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ. ಹಳೆಯ ಆರ್-22 ಆದರೆ ಸುಮಾರು 1,800 ಕೆಜಿ, ಅದು ಓಝೋನ್ ಪದರಕ್ಕೂ ಹಾನಿ ಮಾಡುತ್ತದೆ. ಈಗ ಹೆಚ್ಚಾಗಿ ಬರುವ ಆರ್-32 ಆದರೆ ಸುಮಾರು 675. ಆರ್-290ರದ್ದು ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ.

ಅಂದರೆ ಒಂದು ಕೆಜಿ ಆರ್-410ಎ ಸೋರಿ ಹೋದರೆ ನಮ್ಮ ಕಚೇರಿಯ ಎರಡೂವರೆ ತಿಂಗಳ ಕರೆಂಟಿನ ಹೊಗೆಗೆ ಸಮ. ಹಾಗಾಗಿ ಗ್ಯಾಸ್ ತುಂಬುವ ಮೊದಲು ಸೋರುವ ಜಾಗ ಹುಡುಕಿ ಬೆಸುಗೆ ಹಾಕಿಸಿ. ಏಸಿ ಜಾಗ ಬದಲಿಸುವಾಗ ಗ್ಯಾಸನ್ನು ಗಾಳಿಗೆ ಬಿಟ್ಟು ಕೈ ತೊಳೆದುಕೊಳ್ಳುವವರಿದ್ದಾರೆ. ಗ್ಯಾಸನ್ನು ಹೊರಡಬ್ಬಿಗೆ ಎಳೆದು ಕೂಡಿಟ್ಟು ಬಿಚ್ಚಿ ಅಂತ ಹೇಳಬೇಕು. ಅದಕ್ಕೆ ಜಾಸ್ತಿ ಹಿಡಿಯುವುದು ಕೆಲವು ನಿಮಿಷ.

ರಾತ್ರಿ ತಿರುಗುವ ಮೀಟರ್

ಒಂದು ಪರೀಕ್ಷೆ ಇದೆ, ಯಾರೂ ಮಾಡಬಹುದು. ಸಂಜೆ ಬಾಗಿಲು ಹಾಕುವಾಗ ಹೆಸ್ಕಾಂ ಮೀಟರಿನ ಯೂನಿಟ್ ಅಂಕಿಯ ಫೋಟೊ ತೆಗೆಯಿರಿ. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಇನ್ನೊಂದು. ಎರಡರ ನಡುವಿನ ಅಂತರ ಯಾರೂ ಇಲ್ಲದಾಗ ಸುಟ್ಟ ಕರೆಂಟ್. ಡಿಜಿಟಲ್ ಮೀಟರ್ ಬೇರೆ ಬೇರೆ ಅಂಕಿ ತೋರಿಸುತ್ತಾ ಹೋಗುತ್ತದೆ. ಪಕ್ಕದಲ್ಲಿ ಕೆಡಬ್ಲ್ಯೂಎಚ್ ಅಂತ ಬಂದಾಗ ಕಾಣುವುದು ಯೂನಿಟ್.

ಹದಿನೈದು ತಾಸಿಗೆ ಮೂರು ಯೂನಿಟ್ ಹೋಗಿದೆ ಅಂದರೆ ರಾತ್ರಿಯಿಡೀ 200 ವ್ಯಾಟ್ ಎಳೆಯುತ್ತಿದೆ. ಸಿಸಿಟಿವಿ ಬೇಕು, ಸರ್ವರ್ ಇದ್ದರೆ ಅದೂ ಬೇಕು. ಡಿಸ್ಪೆನ್ಸರ್ ರಾತ್ರಿ ನೀರು ಕಾಯಿಸುತ್ತಾ ತಣಿಸುತ್ತಾ ಕೂರುವುದು ಯಾರಿಗೆ? ಮಾನಿಟರ್ ಆರಿಸಿ ಸಿಪಿಯು ಚಾಲೂ ಬಿಟ್ಟು ಹೋಗುವುದು ಇನ್ನೊಂದು. ಸ್ಕ್ರೀನ್‌ಸೇವರ್ ಕರೆಂಟ್ ಉಳಿಸುವುದಿಲ್ಲ, ಚಿತ್ರ ಓಡಿಸಲು ಕಂಪ್ಯೂಟರ್ ದುಡಿಯಲೇಬೇಕು. ಹತ್ತು ನಿಮಿಷ ಮುಟ್ಟದಿದ್ದರೆ ನಿದ್ರೆಗೆ ಹೋಗುವಂತೆ ಎಲ್ಲ ಕಂಪ್ಯೂಟರಿಗೂ ಒಮ್ಮೆ ಹೊಂದಿಸಿದರೆ ಆಮೇಲೆ ನೆನಪಿಡುವ ಕೆಲಸವೇ ಇಲ್ಲ.

ಹಗಲು ರಾತ್ರಿ ಓಡುವ ಈ 144 ಯೂನಿಟ್ಟಿನ ಖರ್ಚನ್ನು ಅರ್ಧ ಮಾಡಿದರೆ 70 ಯೂನಿಟ್. ಏಸಿ, ಫ್ಯಾನ್, ಲೈಟು ಎಲ್ಲ ಕೂಡಿಸಿದರೆ 1,100ರಲ್ಲಿ 330 ಯೂನಿಟ್ ಇಳಿಯಿತು. ಇಷ್ಟರಲ್ಲಿ ದುಡ್ಡು ಹಾಕಿದ್ದು ಫ್ಯಾನು, ಲೈಟಿಗೆ ಮಾತ್ರ.

ಸೋಲಾರ್ ಯಾವಾಗ?

ಸೋಲಾರ್ ಇದರ ನಂತರ. ಮೊದಲು ಸೋರಿಕೆ ನಿಲ್ಲಿಸಿದರೆ ಕಡಿಮೆ ಪ್ಯಾನೆಲ್ ಸಾಕಾಗುತ್ತವೆ.

ನಮ್ಮ ಭಾಗದಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ, ಜಾಗ ಸುಮಾರು 100 ಚದರ ಅಡಿ ಬೇಕು. ಮೂರು ಕಿಲೋವ್ಯಾಟ್ ಹಾಕಿದರೆ ತಿಂಗಳಿಗೆ 360 ಯೂನಿಟ್. ಮಳೆಗಾಲದಲ್ಲಿ ಕಡಿಮೆ, ಬೇಸಿಗೆಯಲ್ಲಿ ಜಾಸ್ತಿ. ಕಚೇರಿಗೆ ಇದು ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಬಿಸಿಲು ಇರುವ ಹೊತ್ತೇ ಕೆಲಸದ ಹೊತ್ತು, ಬಿಸಿಲು ಜಾಸ್ತಿ ಇದ್ದಾಗಲೇ ಏಸಿಯೂ ಜಾಸ್ತಿ. ಭಾನುವಾರ ಹೆಚ್ಚಾದದ್ದು ನೆಟ್ ಮೀಟರ್ ಮೂಲಕ ಜಾಲಕ್ಕೆ ಹೋಗುತ್ತದೆ. ಅರ್ಜಿ ಹೆಸ್ಕಾಂಗೆ ಕೊಡಬೇಕು. 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯ ಸಹಾಯಧನ ಮನೆಗಳಿಗೆ ಮಾತ್ರ, ಕಚೇರಿಗೆ ಸಿಗುವುದಿಲ್ಲ. ಬಾಡಿಗೆ ಕಟ್ಟಡವಾದರೆ ತಾರಸಿ ಮಾಲಕರದ್ದು. ಅವರೊಂದಿಗೆ ಒಪ್ಪಂದ ಆಗದೆ ಮುಂದೆ ಹೋಗಲು ಬರುವುದಿಲ್ಲ.

ಮನೆಯಿಂದ ಕಚೇರಿಗೆ

ಈಗ ಮೂರನೇ ಖಾನೆ. ನಮ್ಮ ಅವಳಿನಗರದಲ್ಲಿ ಇದು ದೊಡ್ಡದು, ಯಾಕೆಂದರೆ ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯಲ್ಲಿ ಇರುವವರು ಸಾವಿರಾರು ಜನ. ಹೋಗಿ ಬರಲು ಸುಮಾರು 40 ಕಿಲೋಮೀಟರ್.

ಲೀಟರಿಗೆ 15 ಕಿ.ಮೀ. ಕೊಡುವ ಕಾರಿನಲ್ಲಿ ಒಬ್ಬರೇ ಬಂದರೆ ದಿನಕ್ಕೆ 6 ಕೆಜಿ ಇಂಗಾಲದ ಡೈಆಕ್ಸೈಡ್. ತಿಂಗಳಿಗೆ 150. ಇಬ್ಬರು ಹೀಗೆ ಬಂದರೆ 300. ನಮ್ಮ ಕಚೇರಿಯ ಅಷ್ಟೂ ಏಸಿಯ ಪಾಲಿಗೆ (315 ಕೆಜಿ) ಇದು ಸರಿಸಮ! ಲೀಟರಿಗೆ 45 ಕೊಡುವ ಬೈಕಾದರೆ ದಿನಕ್ಕೆ 2 ಕೆಜಿ. ಎಲೆಕ್ಟ್ರಿಕ್ ಸ್ಕೂಟರ್ ಯೂನಿಟ್ಟಿಗೆ 30 ಕಿ.ಮೀ. ಓಡುತ್ತದೆ ಅಂದರೆ ಸುಮಾರು 1 ಕೆಜಿ.

ಹುಬ್ಬಳ್ಳಿ ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ಲೆಕ್ಕ ಹಾಕೋಣ. ಡೀಸೆಲ್ ಬಸ್ಸು, ಏಸಿ ಬೇರೆ. ಲೀಟರಿಗೆ 3 ಕಿ.ಮೀ. ಅಂತ ಹಿಡಿದರೆ ಒಂದು ಕಡೆಯ 20 ಕಿ.ಮೀ.ಗೆ ಏಳು ಲೀಟರ್, ಸುಮಾರು 19 ಕೆಜಿ ಹೊಗೆ. ಕಾರಿಗಿಂತ ಬಹಳ ಜಾಸ್ತಿ. ಆದರೆ ಅದನ್ನು 40 ಜನ ಹಂಚಿಕೊಳ್ಳುತ್ತಾರೆ. ತಲೆಗೆ ಅರ್ಧ ಕೆಜಿಯೂ ಇಲ್ಲ, ಹೋಗಿ ಬರಲು 1 ಕೆಜಿಯೊಳಗೆ. ಅದೇ ಕಾರಿನಲ್ಲಿ ನಾಲ್ಕು ಜನ ಕೂಡಿ ಬಂದರೆ ತಲೆಗೆ ಒಂದೂವರೆ.

ಚಿಗರಿಗೆ ತನ್ನದೇ ದಾರಿ ಇದೆ, ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುವುದು ಕಡಿಮೆ. ಆದರೂ ಜನ ಬೈಕೇ ತೆಗೆಯುವುದೇಕೆ? ಬಸ್ ನಿಲ್ದಾಣದಿಂದ ಕಚೇರಿಗೆ ಉಳಿಯುವ ಒಂದೆರಡು ಕಿಲೋಮೀಟರ್ ಸಲುವಾಗಿ. ಅಷ್ಟಕ್ಕೆ ಆಟೊ ಹಿಡಿದರೆ ಬಸ್ ಚಾರ್ಜಿಗಿಂತ ಹೆಚ್ಚು ಹೋಗುತ್ತದೆ. ಮಳೆಗಾಲದಲ್ಲಂತೂ ಕೇಳಬೇಡಿ. ಕಚೇರಿ ಮಾಡಬಹುದಾದ್ದು ಇಲ್ಲಿದೆ. ಗೋಕುಲ ರೋಡಿನಂಥ ಕಡೆ ನಾಲ್ಕೈದು ಕಚೇರಿ ಕೂಡಿ ಒಂದು ಆಟೊ ಗೊತ್ತು ಮಾಡಬಹುದು. ಮಾಸಿಕ ಪಾಸಿನ ಹಣ ಕೊಡಬಹುದು. ಒಂಬತ್ತಕ್ಕೆ ಒಂದು ನಿಮಿಷ ತಡವಾದರೂ ಅರ್ಧ ದಿನ ಕಡಿತ ಅನ್ನುವ ಕಡೆ ಬಸ್ಸನ್ನು ನಂಬುವವರು ಯಾರು? ಅರ್ಧ ತಾಸಿನ ಸಡಿಲ ಕೊಟ್ಟರೆ ಗದಗ, ಹಾವೇರಿಯಿಂದ ರೈಲಿಗೆ ಬರುವವರಿಗೂ ಅನುಕೂಲ.

ಮನೆಯಿಂದ ಕೆಲಸ ಕೊಡುವುದಿದ್ದರೆ ಎಲ್ಲರಿಗೂ ಒಂದೇ ದಿನ ಕೊಡುವುದು ಮೇಲು. ದಿನಕ್ಕೆ ಇಬ್ಬರಂತೆ ಮನೆಯಲ್ಲಿದ್ದರೆ ಪೆಟ್ರೋಲ್ ಉಳಿಯುತ್ತದೆ, ಆದರೆ ಏಸಿ ಹತ್ತು ಜನಕ್ಕೂ ಅಷ್ಟೇ ಓಡುತ್ತದೆ. ಶನಿವಾರ ಬಾಗಿಲೇ ತೆಗೆಯದಿದ್ದರೆ ಎರಡೂ ಉಳಿಯುತ್ತವೆ.

ಕಾಗದ, ಚಹಾ ಕಪ್ಪು, ಹಳೇ ಕಂಪ್ಯೂಟರ್

ಕಾಗದದ ಹೊಗೆ ಕಡಿಮೆ ಅಂದ ಮಾತ್ರಕ್ಕೆ ಬಿಡುವ ಹಾಗಿಲ್ಲ. ಅದಕ್ಕೆ ಮರ ಬೇಕು, ನೀರು ಬಹಳ ಬೇಕು. ನಮ್ಮ ನೆರೆಯ ದಾಂಡೇಲಿಯಲ್ಲೇ 1950ರ ದಶಕದಿಂದ ಕಾಗದದ ಗಿರಣಿ ಇದೆ, ಅದಕ್ಕೆ ನೀರು ಕಾಳಿ ನದಿಯದು. ಪ್ರಿಂಟರಿನಲ್ಲಿ ಎರಡೂ ಬದಿ ಅನ್ನುವುದನ್ನೇ ಖಾಯಂ ಮಾಡಿ, ಒಂದೇ ಬದಿ ಬೇಕಾದವರು ಬದಲಿಸಿಕೊಳ್ಳಲಿ. 80 ಜಿಎಸ್‌ಎಂ ಬದಲು 70 ತಂದರೆ ಅಷ್ಟೇ ಹಾಳೆಗೆ ಎಂಟನೇ ಒಂದು ಭಾಗ ಕಾಗದ ಕಡಿಮೆ.

ಚಹಾ ಕಪ್ಪಿನ ವಿಷಯ ಚಿಕ್ಕದು. ಕಾಗದದ ಕಪ್ಪಿನ ಒಳಗೆ ತೆಳ್ಳಗೆ ಪ್ಲಾಸ್ಟಿಕ್ ಪದರ ಇರುತ್ತದೆ, ಇಲ್ಲವಾದರೆ ಕಪ್ಪು ನೆನೆದು ಚಹಾ ಸೋರುತ್ತದೆ. ಅಂಟಿಕೊಂಡ ಆ ಪದರದಿಂದಾಗಿ ಅದು ಗೊಬ್ಬರವೂ ಆಗದು, ರದ್ದಿಗೂ ಹೋಗದು. ಹನ್ನೆರಡು ಜನ ದಿನಕ್ಕೆ ಮೂರು ಸಲ ಕುಡಿದರೆ ತಿಂಗಳಿಗೆ 900 ಕಪ್ಪು. ಗಾಜಿನ ಗ್ಲಾಸು, ಸ್ಟೀಲ್ ಲೋಟ ನಮ್ಮಲ್ಲಿ ಮೊದಲಿನಿಂದಲೂ ಇದ್ದವು.

ಬೀಳ್ಕೊಡುಗೆ, ರಾಜ್ಯೋತ್ಸವಕ್ಕೆ ಫ್ಲೆಕ್ಸ್ ಹಾಕಿಸುವ ಕಚೇರಿಗಳು ಈಗಲೂ ಇವೆ. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ದೇಶಕ್ಕೆ ಖಾದಿ ಧ್ವಜ ಹೊಲಿದು ಕೊಡುವ ಬೆಂಗೇರಿ ನಮ್ಮ ಊರಲ್ಲೇ ಇರುವಾಗ ಬಟ್ಟೆಯ ಬ್ಯಾನರಿಗೆ ಬರವೇ?

ಕಂಪ್ಯೂಟರಿನದು ಉಲ್ಟಾ ಲೆಕ್ಕ. ಲ್ಯಾಪ್‌ಟಾಪ್ ತನ್ನ ಆಯುಷ್ಯದಲ್ಲಿ ಹೊರಿಸುವ ಇಂಗಾಲದ ಬಹುಪಾಲು ಅದನ್ನು ತಯಾರಿಸುವಾಗಲೇ ಬಂದಿರುತ್ತದೆ. ಕರೆಂಟ್ ಉಳಿಸಲು ಚೆನ್ನಾಗಿರುವ ಯಂತ್ರ ಎಸೆದು ಹೊಸದು ತಂದರೆ ನಷ್ಟವೇ ಆಗಬಹುದು. ನಿಧಾನವಾಗಿದ್ದರೆ ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ ಹೆಚ್ಚಿಸಿ ಇನ್ನೆರಡು ವರ್ಷ ಓಡಿಸಿ. ಕೆಟ್ಟು ಹೋದದ್ದನ್ನು ಗುಜರಿಗೆ ಹಾಕಬೇಡಿ. ಅಲ್ಲಿ ತಾಮ್ರಕ್ಕಾಗಿ ವೈರ್ ಸುಡುತ್ತಾರೆ, ಸುಟ್ಟ ಹೊಗೆಯನ್ನು ಅಲ್ಲೇ ಕೆಲಸ ಮಾಡುವ ಬಡವರು ಕುಡಿಯುತ್ತಾರೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದಂತೆ ನೋಂದಾಯಿತ ಮರುಬಳಕೆದಾರರಿಗೇ ಕೊಡಬೇಕು. ಯುಪಿಎಸ್ಸಿನ ಹಳೇ ಬ್ಯಾಟರಿಯಲ್ಲಿ ಸೀಸ, ಆಸಿಡ್ ಇರುತ್ತದೆ. ಹೊಸದು ಕೊಳ್ಳುವ ಅಂಗಡಿಗೇ ಹಳೆಯದನ್ನು ಒಪ್ಪಿಸಿ ರಸೀದಿ ಪಡೆಯಿರಿ.

ನೀರು

ಮಲಪ್ರಭೆಯ ನೀರು ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟಿನಿಂದ ಪಂಪಾಗಿ ಅವಳಿನಗರಕ್ಕೆ ಬರುತ್ತದೆ. ಅಂದರೆ ನೀರಿನ ಹಿಂದೆಯೂ ಕರೆಂಟ್ ಇದೆ. ನಳದ ನೀರಿಗೆ ದಿನಗಟ್ಟಲೆ ಕಾಯುವ ಬಡಾವಣೆಗಳಿರುವ ಊರಲ್ಲಿ ಕಚೇರಿಯ ಆರ್‌ಒ ಯಂತ್ರ ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಮೂರು ಲೀಟರ್ ಚರಂಡಿಗೆ ಬಿಡುತ್ತದೆ. ಹನ್ನೆರಡು ಜನಕ್ಕೆ ದಿನಕ್ಕೆ 24 ಲೀಟರ್ ಕುಡಿಯಲು ಬೇಕಾದರೆ 50ರಿಂದ 70 ಲೀಟರ್ ಹೋಯಿತು. ಆ ಕೊಳವೆಯನ್ನು ಒಂದು ಡ್ರಮ್ಮಿಗೆ ಬಿಡಿ. ನೆಲ ಒರೆಸಲು, ಶೌಚಾಲಯಕ್ಕೆ ಅದು ಸಾಕು. ಉಪ್ಪಿನಂಶ ಜಾಸ್ತಿ ಇರುವುದರಿಂದ ಗಿಡಕ್ಕೆ ದಿನಾ ಹಾಕಬೇಡಿ. ಗಿಡಕ್ಕೆ ಏಸಿಯಿಂದ ತೊಟ್ಟಿಕ್ಕುವ ನೀರು ಒಳ್ಳೆಯದು.

ಸ್ವಂತ ಕಟ್ಟಡ ಇದ್ದರೆ ಮಳೆನೀರು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 100 ಚದರ ಮೀಟರ್ ತಾರಸಿ, ವರ್ಷಕ್ಕೆ 700 ಮಿ.ಮೀ. ಮಳೆ ಅಂದರೆ 70,000 ಲೀಟರ್. ಆರಿದ್ದು, ಹರಿದದ್ದು ಬಿಟ್ಟರೂ 50,000 ಸಿಗುತ್ತದೆ.

ಸ್ವಿಚ್ ಆರಿಸುವವರು ಯಾರು?

ಮನೆಯಲ್ಲಿ ಖಾಲಿ ಕೋಣೆಯ ಲೈಟು ಉರಿದರೆ ಅವ್ವ ಬಯ್ಯುತ್ತಾಳೆ. ಕಚೇರಿಯಲ್ಲಿ ಬಯ್ಯುವವರಿಲ್ಲ. ಬಿಲ್ ಕಟ್ಟುವವರು ಲೆಕ್ಕಪತ್ರ ವಿಭಾಗದವರು, ಏಸಿ ಹಚ್ಚುವವರು ಬೇರೆಯವರು, ಬಾಗಿಲು ಹಾಕುವವರು ಅಟೆಂಡರ್. ಬಿಲ್ಲಿನ ಮೊತ್ತ ಹನ್ನೆರಡು ಜನರಲ್ಲಿ ಹನ್ನೊಂದು ಜನರಿಗೆ ಗೊತ್ತೇ ಇರುವುದಿಲ್ಲ. ಕಚೇರಿಗಳಲ್ಲಿ ಕರೆಂಟ್ ಪೋಲಾಗುವುದಕ್ಕೆ ಜನರ ಅಸಡ್ಡೆಗಿಂತ ಇದೇ ದೊಡ್ಡ ಕಾರಣ ಅಂತ ನಾನು ನಂಬಿದ್ದೇನೆ.

ಹಾಗಾಗಿ "ವಿದ್ಯುತ್ ಉಳಿಸಿ" ಅಂತ ಚೀಟಿ ಅಂಟಿಸಿದರೆ ಕೆಲಸ ಆಗುವುದಿಲ್ಲ. ಯಾವ ಸ್ವಿಚ್ ಯಾವ ಲೈಟಿನದು ಅಂತ ಬರೆದು ಅಂಟಿಸಿದರೆ ಆಗುತ್ತದೆ. ಎಂಟು ಸ್ವಿಚ್ಚಿನ ಬೋರ್ಡಿನಲ್ಲಿ ಯಾವುದು ಯಾವುದೆಂದು ತಿಳಿಯದೆ ಎಲ್ಲವನ್ನೂ ಒತ್ತುವುದು ಎಲ್ಲ ಕಡೆ ನಡೆಯುತ್ತದೆ. ಕೊನೆಗೆ ಹೊರಡುವವರು ಏನೇನು ಆರಿಸಬೇಕು, ಏನನ್ನು ಮುಟ್ಟಬಾರದು ಅನ್ನುವುದು ಬಾಗಿಲ ಹತ್ತಿರ ಇರಲಿ. ಸರ್ವರ್ ಆರಿಸಿಬಿಟ್ಟರೆ ಎಂಬ ಹೆದರಿಕೆಯಿಂದಲೇ ಅಟೆಂಡರ್ ಏನನ್ನೂ ಮುಟ್ಟುವುದಿಲ್ಲ. ತಿಂಗಳ ಯೂನಿಟ್ ಅಂಕಿಯನ್ನು ನೋಟಿಸ್ ಬೋರ್ಡಿಗೆ ಹಾಕಿ, ಹಿಂದಿನ ವರ್ಷದ ಅದೇ ತಿಂಗಳಿನದೂ ಪಕ್ಕದಲ್ಲಿರಲಿ.

ಫಾರ್ಮ್ ತುಂಬುವುದು

ಇಷ್ಟು ತಿಳಿದ ಮೇಲೆ ಅದು ಸುಲಭ. ಹೆಸ್ಕಾಂ ಬಿಲ್ಲಿನಲ್ಲಿ ಆರ್.ಆರ್. ನಂಬರ್ ಇರುವ ಕಡೆಯೇ ಹಿಂದಿನ ರೀಡಿಂಗ್, ಈಗಿನ ರೀಡಿಂಗ್, ಬಳಸಿದ ಯೂನಿಟ್ ಇರುತ್ತವೆ. ಹನ್ನೆರಡು ತಿಂಗಳ ಯೂನಿಟ್ ಕೂಡಿಸಿ 0.7ರಿಂದ ಗುಣಿಸಿದರೆ ಎರಡನೇ ಖಾನೆಯ ಅಂದಾಜು ಸಿಕ್ಕಿತು. ಗಿರಾಕಿ ಕಂಪನಿ ಆ ವರ್ಷದ ನಿಖರ ಅಂಕಿ ಕೊಟ್ಟಿದ್ದರೆ ಅದನ್ನೇ ಹಾಕಿ. ಜನರೇಟರ್ ಡೀಸೆಲ್ಲಿನ ರಸೀದಿಗಳಿಂದ ಲೀಟರ್ ತೆಗೆದು 2.7ರಿಂದ ಗುಣಿಸಿ. ಏಸಿಗೆ ತುಂಬಿಸಿದ ಗ್ಯಾಸ್ ಎಷ್ಟು ಕೆಜಿ, ಯಾವುದು ಅಂತ ಸರ್ವೀಸ್ ಬಿಲ್ಲಿನ ಮೇಲೆ ಬರೆಸಿಕೊಳ್ಳುವ ರೂಢಿ ಈಗಿನಿಂದಲೇ ಇಟ್ಟುಕೊಳ್ಳಿ, ವರ್ಷದ ಕೊನೆಗೆ ಅದನ್ನು ಹುಡುಕಲು ಆಗುವುದಿಲ್ಲ. ನೌಕರರ ಓಡಾಟಕ್ಕೆ ಒಂದು ಹಾಳೆ ಸಾಕು: ಹೆಸರು ಬೇಡ, ಎಷ್ಟು ದೂರ, ಯಾವ ವಾಹನ, ಎಷ್ಟು ಜನ ಕೂಡಿ.

ಹೋಲಿಸುವಾಗ ಒಂದು ಎಚ್ಚರಿಕೆ. ಏಪ್ರಿಲ್ ಬಿಲ್ಲನ್ನು ಡಿಸೆಂಬರಿಗೆ ಹೋಲಿಸಿ ಉಳಿಸಿದ್ದೇವೆ ಅನ್ನಬಾರದು. ಏಪ್ರಿಲ್ ಅನ್ನು ಏಪ್ರಿಲ್‌ಗೇ ಹೋಲಿಸಬೇಕು, ಜನ ಹೆಚ್ಚು ಕಡಿಮೆ ಆಗಿದ್ದರೆ ತಲಾ ಲೆಕ್ಕ ಹಾಕಬೇಕು.